ದೊಡ್ಡಮ್ಮನ ಕಲ್ಲು

ಮಣ್ಣಿನ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೆರಳಿನ ಗೆಣ್ಣಿನಿಂದ ಒಂದು ಸಲ ಬಡಿದು ಕಿವಿ ಕೊಡಲೇಬೇಕು. ಟಣ್ ಅಂದರೆ ಚೆನ್ನಾಗಿ ಬೆಂದಿದೆ, ಬದಬದ ಅಂದರೆ ಎಲ್ಲೋ ಬಿರುಕು ಬಿಟ್ಟಿದೆ. ಇದು ಕಲಿತ ವಿದ್ಯೆಯಲ್ಲ, ಹುಟ್ಟಿದ ಮನೆಯ ಚಾಳಿ. ನಮ್ಮದು ಮೈಸೂರಿನ ಅಂಚಿನಲ್ಲಿ ಮಡಕೆ ಮಾಡುವವರ ಬೀದಿ. ಅಪ್ಪ ತಿಗರಿ ತಿರುಗಿಸುತ್ತಿದ್ದ, ಅಮ್ಮ ಹಲಗೆಯಲ್ಲಿ ಬಡಿದು ಬಡಿದು ಮಡಕೆಯ ಹೊಟ್ಟೆ ದುಂಡಗೆ ಮಾಡುತ್ತಿದ್ದಳು. ಹೆಂಗಸರು ತಿಗರಿ ಮುಟ್ಟುವ ಹಾಗಿರಲಿಲ್ಲ. ನಾನಂತೂ ಮಣ್ಣನ್ನೇ ಮುಟ್ಟುವ ಹಾಗಿರಲಿಲ್ಲ, ಯಾಕೆಂದರೆ ನಾನು ಎಡಚಿ. ಅಮ್ಮನಿಗೆ ಮಣ್ಣು ಅಂದರೆ ದೇವರು. ದೇವರಿಗೆ ಎಡಗೈ ಚಾಚ್ತೀಯಾ ಅಂತ ಕೈಮೇಲೆ ಪಟ್ ಅಂತ ಒಂದು ಕೊಡುತ್ತಿದ್ದಳು. ಊಟವನ್ನೂ ಬರವಣಿಗೆಯನ್ನೂ ಹೊಡೆದು ಬಡಿದು ಬಲಗೈಗೆ ದಾಟಿಸಿದಳು. ಮಣ್ಣಿನ ವಿಷಯದಲ್ಲಿ ಮಾತ್ರ ನನ್ನ ಬಲಗೈ ಮೊಂಡು ಹಿಡಿಯಿತು, ಅಮ್ಮನೂ ಮೊಂಡು ಹಿಡಿದಳು. ಹಾಗಾಗಿ ಕುಂಬಾರರ ಮಗಳಾಗಿ ಒಂದು ಹಣತೆಯನ್ನೂ ಮಾಡದೆ ಮದುವೆಯಾಗಿ ಬಂದೆ.

ಬಂದದ್ದು ಆಸ್ಟ್ರೇಲಿಯಾದ ಪರ್ತ್‌ಗೆ. ನಮ್ಮ ಯಜಮಾನರು ಅಲ್ಲಿಯ ಬೆಂಟ್ಲಿ ಬಡಾವಣೆಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದರು, ನಾನು ಒಂದು ಬೇಕರಿಯಲ್ಲಿ ಟ್ರೇ ತೊಳೆಯುತ್ತಿದ್ದೆ. ಬೆಂಟ್ಲಿಯಲ್ಲೇ ಒಂದು ಬಾಡಿಗೆ ಮನೆಯಲ್ಲಿ ಮೂರು ಸಂಸಾರ, ಅಡುಗೆಮನೆಗೆ ಸರದಿ. ಆಮೇಲೆ ಅವರಿಗೆ ಬ್ರಿಸ್ಬೇನ್‌ನಲ್ಲಿ ಕೆಲಸವಾಯಿತು. ನನಗೆ ಅಲ್ಲಿಯ ಸೇಂಟ್ ಲೂಸಿಯಾ ಬಡಾವಣೆಯ ಯೂನಿವರ್ಸಿಟಿ ಕ್ಯಾಂಪಸ್ಸಿನೊಳಗೆ ಒಂದು ಕಾಫಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಗಳು ಹುಟ್ಟಿದಳು, ಬೆಳೆದಳು, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಉತ್ತರ ಕೊಡುವಷ್ಟು ದೊಡ್ಡವಳೂ ಆದಳು. ಮಣ್ಣಿನ ನೆನಪು ಎಲ್ಲಿಂದ ಬರಬೇಕು.

ಒಂದು ದಿನ ಕಾಫಿ ಅಂಗಡಿಯ ಪಕ್ಕದ ಹಾಲ್‌ನಲ್ಲಿ ಯಾರೋ ಮೇಜಿನ ಮೇಲೆ ಮಡಕೆಗಳನ್ನು ಜೋಡಿಸಿಟ್ಟಿದ್ದರು. ಬ್ರೇಕ್‌ನಲ್ಲಿ ಹಾಗೇ ನೋಡಲು ಹೋದೆ. ಎಷ್ಟು ತೆಳ್ಳಗಿದ್ದವು ಅಂದರೆ, ಕಣ್ಣಿಟ್ಟರೇ ಒಡೆಯಬಹುದು ಅನ್ನಿಸಿತು. ಒಂದು ಕಡೆ ಕೆನೆ ಬಣ್ಣ, ಹಾಗೇ ತಿರುಗಿದರೆ ರಸಪುರಿ ಮಾವಿನ ಬಣ್ಣ, ಮೇಲೆ ಕಪ್ಪು ಕೆಂಪು ಗೆರೆಗಳಲ್ಲಿ ಹಕ್ಕಿಯ ರೆಕ್ಕೆಯಂಥ ಚಿತ್ರ. ಮುಟ್ಟಬಾರದು ಅಂತ ಬೋರ್ಡ್ ಇತ್ತಂತೆ, ನಾನು ಎಲ್ಲಿ ನೋಡಿದೆ! ಬಗ್ಗಿ ಬೆರಳಿನ ಗೆಣ್ಣಿನಿಂದ ಟಕ್ ಅಂತ ಬಡಿದೇಬಿಟ್ಟೆ. ಅಲ್ಲಿದ್ದ ಹುಡುಗಿ ಅಯ್ಯೋ ಅಂತ ಓಡಿಬಂದಳು. ನನ್ನ ಮಾನ ಹೋಯಿತು ಅಂದುಕೊಂಡೆ. ಮೇಜಿನ ಹಿಂದೆ ಕುರ್ಚಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಮಾತ್ರ ನಕ್ಕರು. ಬಿಳಿಕೂದಲನ್ನು ಹಿಂದೆ ಗಂಟು ಹಾಕಿದ್ದರು, ಕಿವಿಯಲ್ಲಿ ನೀಲಿ ಕಲ್ಲು. ಅದೇ ಮಡಕೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ಆ ಕಡೆಯೂ ಒಮ್ಮೆ ಬಡಿದು ನೋಡು, ಅಲ್ಲಿ ಬೆಂಕಿ ಸ್ವಲ್ಪ ಕಮ್ಮಿ ಬಿದ್ದಿತ್ತು ಅಂದರು. ಬಡಿದೆ. ನಿಜ, ದನಿ ಒಂಚೂರು ಮಂದ. ಹಾಗೇ ಹೇಳಿಯೂಬಿಟ್ಟೆ.

"ನೀನು ಮಡಕೆ ಮಾಡೋರ ಮನೆಯವಳಾ?" ಅಂತ ಕೇಳಿದರು.

ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳಿದ್ದು ಒಂದೇ, ಐಟಿನಾ ನರ್ಸಿಂಗಾ ಅಂತ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೌದು ಅಂತ ತಲೆಯಾಡಿಸಿದೆ.

ಅವರು ಅಮೆರಿಕದ ಅರಿಝೋನಾದವರು, ಅಲ್ಲಿಯ ಮೂಲನಿವಾಸಿಗಳಾದ ಹೋಪಿ-ಟೇವಾ ಜನ. ಮಗಳು ಇದೇ ಯೂನಿವರ್ಸಿಟಿಯಲ್ಲಿ ನೀರಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು, ಅವಳ ಜೊತೆ ಕೆಲವು ತಿಂಗಳು ಇರಲು ಬಂದಿದ್ದರು. ನಾನು ರೂಢಿಯಂತೆ ಆಂಟಿ ಅಂದೆ. ಆಂಟಿ ಅಂದರೆ ಅಪ್ಪನ ಕಡೆಯವಳೋ ಅಮ್ಮನ ಕಡೆಯವಳೋ, ಅದು ಮೊದಲು ಗೊತ್ತಾಗಬೇಕು ಅಂದರು. ಅವರಲ್ಲಿ ಅಮ್ಮನ ಅಕ್ಕತಂಗಿಯರೂ ಅಮ್ಮನೇ ಅಂತೆ. ನಮ್ಮಲ್ಲೂ ಹಾಗೇ, ಅಮ್ಮನ ಅಕ್ಕ ದೊಡ್ಡಮ್ಮ ಅಂದೆ. ಹಾಗಾದರೆ ಹಾಗೇ ಕರೆ ಅಂದರು. ಅವತ್ತಿನಿಂದ ಅವರು ನನಗೆ ದೊಡ್ಡಮ್ಮ, ಅವರ ಮಗಳು ತಂಗಿ. ಹೆಸರು ಹಿಡಿದು ಕರೆಯುವ ಪ್ರಮೇಯವೇ ಬರಲಿಲ್ಲ.

ಆಮೇಲೆ ಶನಿವಾರ ಬಂತೆಂದರೆ ನಾನು ತಂಗಿಯ ಫ್ಲಾಟಿನ ಬಾಲ್ಕನಿಯಲ್ಲಿ. ದೊಡ್ಡಮ್ಮ ಕೆಲಸ ಮಾಡುತ್ತ ತಮ್ಮ ಕಥೆ ಹೇಳುತ್ತಿದ್ದರು. ಅವರ ಊರು ಬಂಡೆಗುಡ್ಡದ ನೆತ್ತಿಯ ಮೇಲೆ, ಸುತ್ತ ಒಣನೆಲ. ಟೇವಾ ಜನ ಮುನ್ನೂರು ವರ್ಷಗಳ ಹಿಂದೆ ಪೂರ್ವದಿಂದ ಬಂದು ಹೋಪಿಗಳ ಪಕ್ಕ ನೆಲೆ ನಿಂತವರು. "ಅವರ ಮಾತು ನಾವು ಕಲಿತ್ವಿ. ನಮ್ಮ ಮಾತು ಅವರಿಗೆ ಬರಲಿಲ್ಲ, ನಾವು ಬಿಡಲೂ ಇಲ್ಲ" ಅನ್ನುವಾಗ ದೊಡ್ಡಮ್ಮನ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ನಮ್ಮನೇಲಿ ಒಂದೇ ತಲೆಮಾರಿಗೆ ಮುಗೀತು ಬಿಡಿ ಅಂತ ನಾನು ಮಗಳ ಮೇಲೆ ಚಾಡಿ ಹೇಳುತ್ತಿದ್ದೆ. ಚಿಕ್ಕವರಿದ್ದಾಗ ಅವರನ್ನು ದೂರದ ಹಾಸ್ಟೆಲ್ ಶಾಲೆಗೆ ಹಾಕಿದ್ದರಂತೆ. ರಜೆಗೆ ಬಂದಾಗಲೆಲ್ಲ ಅಜ್ಜಿಯ ಪಕ್ಕ ಕೂರುವುದೇ ಪಾಠ. ಅಜ್ಜಿ ಹೀಗೆ ಮಾಡು ಅಂತ ಒಂದು ದಿನವೂ ಹೇಳಲಿಲ್ಲ, ಎದ್ದುಹೋಗು ಅಂತಲೂ ಹೇಳಲಿಲ್ಲ. ಮದುವೆ, ಮಕ್ಕಳು, ಶಾಲೆಯ ಅಡುಗೆಮನೆಯಲ್ಲಿ ನೌಕರಿ ಎಲ್ಲದರ ನಡುವೆ ಮಡಕೆ ಮಾತ್ರ ನಿಲ್ಲಲಿಲ್ಲ.

ಅವರಲ್ಲಿ ಮಡಕೆ ಹೆಂಗಸರ ಕೈಕೆಲಸ. ತಿಗರಿಯೇ ಇಲ್ಲ. ತಿಗರಿಯಿಲ್ಲದೆ ಎಂಥ ಮಡಕೆ ಅಂತ ಮೊದಲು ನಾನು ಒಳಗೊಳಗೇ ಮೂಗು ಮುರಿದದ್ದುಂಟು. ಕೋಡುಬಳೆಗೆ ಹೊಸೆದ ಹಾಗೆ ಮಣ್ಣನ್ನು ಉದ್ದಕ್ಕೆ ಹೊಸೆದು, ಸುತ್ತು ಸುತ್ತಾಗಿ ಒಂದರ ಮೇಲೊಂದು ಕೂರಿಸಿ, ಒಳಗೂ ಹೊರಗೂ ಸವರಿ, ಸೋರೆಬುರುಡೆಯ ಚೂರಿನಿಂದ ಕೆರೆದು ತೆಳ್ಳಗೆ ಮಾಡುತ್ತಾರೆ. ಮಣ್ಣು ಅಗೆಯುವ ಮೊದಲು ನೆಲಕ್ಕೆ ಚಿಟಿಕೆ ಮುಸುಕಿನ ಜೋಳದ ಹಿಟ್ಟು ಹಾಕಿ ಕೇಳಿಕೊಳ್ಳುತ್ತಾರಂತೆ. ನಮ್ಮಮ್ಮ ಅರಿಶಿನ ಕುಂಕುಮ ಹಾಕುತ್ತಿದ್ದಳು ಅಂದೆ. ಬ್ರಿಸ್ಬೇನಿನ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚೀಲದ ಮಣ್ಣನ್ನು ದೊಡ್ಡಮ್ಮ ನಾಲಿಗೆಗೆ ಮುಟ್ಟಿಸಿ ಮುಖ ಹುಳ್ಳಗೆ ಮಾಡಿ, ಇದಕ್ಕೆ ಊರೇ ಇಲ್ಲ ಅಂದರು. ಆದರೂ ಕೂತು ಮಾಡಿದರು. ನಾನೂ ಕೂತೆ. ಎಡಗೈ ತಾನಾಗಿ ಮುಂದೆ ಬಂತು. ಅಭ್ಯಾಸಬಲ, ಹಿಂದಕ್ಕೆ ಎಳೆದುಕೊಂಡು ಅಮ್ಮನ ಕಥೆ ಹೇಳಿದೆ. ಅವರು ನನ್ನ ಎಡಗೈ ಹಿಡಿದು ಮಣ್ಣಿನ ಮೇಲೆ ಇಟ್ಟರು.

ಎಲ್ಲ ಸರಿ, ಕಲ್ಲಿನ ಹತ್ತಿರ ಬಂದಾಗ ಮಾತ್ರ ನಾನು ಸೋತೆ. ಒಣಗಿದ ಮಡಕೆಗೆ ನುಣ್ಣನೆಯ ತಿಳಿಮಣ್ಣು ಬಳಿದು, ಅದು ಆರುವುದರೊಳಗೆ ಹೊಳೆಯ ಕಲ್ಲಿನಿಂದ ಉಜ್ಜಬೇಕು. ಹೊಳಪು ಬರುವುದು ಅದರಿಂದಲೇ. ದೊಡ್ಡಮ್ಮನ ಹತ್ತಿರ ಇದ್ದದ್ದು ಅವರ ಅಜ್ಜಿಯ ಕಲ್ಲು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ. ಹುಣಿಸೆಬೀಜದ ಬಣ್ಣ, ಬೆಣ್ಣೆಯಷ್ಟು ನುಣುಪು. ಅಷ್ಟು ಜನರ ಬಲಗೈ ಹೆಬ್ಬೆರಳು ಕೂತು ಕೂತು ಒಂದು ಕಡೆ ಸಣ್ಣ ಗುಳಿ ಬಿದ್ದಿತ್ತು. ನನ್ನ ಎಡಗೈಯಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ, ಜಾರುತ್ತಿತ್ತು. ಬಲಗೈಗೆ ಹಾಕಿಕೊಂಡು ಹೇಗೋ ಎಳೆದಾಡಿದೆ. ದೊಡ್ಡಮ್ಮ ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿದ್ದರು.

ಅವರು ಹೊರಡುವ ಮುಂಚಿನ ವಾರ ನದಿ ದಂಡೆಯಲ್ಲಿ ವಾಕಿಂಗ್ ಹೋಗಿದ್ದೆವು. ಫೆರಿ ನಿಲ್ಲುವ ಜಾಗದ ಆಚೆ ಒಂದು ಕಲ್ಲು ಕಂಡಿತು, ಬೂದು ಬಣ್ಣ, ನಡುವೆ ಬಿಳಿ ಗೆರೆ. ಇದಾಗುತ್ತಾ ನೋಡಿ ದೊಡ್ಡಮ್ಮ ಅಂತ ಕೊಟ್ಟೆ. ಅವರು ಕೆನ್ನೆಗೆ ಉಜ್ಜಿ ನೋಡಿ, ಇನ್ನೂ ಒರಟು, ವರ್ಷಗಟ್ಟಲೆ ಮಣ್ಣು ತಿನ್ನಬೇಕು ಅಂದು ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ಅದನ್ನು ಅಲ್ಲಿಗೇ ಮರೆತೆ.

ಹೊರಡುವ ದಿನ ಅಜ್ಜಿಯ ಕಲ್ಲನ್ನು ನನ್ನ ಕೈಯಲ್ಲಿಟ್ಟರು. ನಾನು ಬೆಚ್ಚಿ, ಇದು ತಂಗಿಗೆ ಸೇರಬೇಕಾದ್ದು ಅಂದೆ.

"ಸೇರುತ್ತೆ. ಈಗ ಅವಳಿಗೆ ಪುರುಸೊತ್ತಿಲ್ಲ. ಡ್ರಾಯರ್‌ನಲ್ಲಿಟ್ರೆ ಇದು ಬರೀ ಕಲ್ಲು. ನೀನು ಕೆಲಸ ಕೊಡ್ತಾ ಇರು. ಅವಳು ಬಾಯಿಬಿಟ್ಟು ಕೇಳಿದ ದಿನ ಕೊಟ್ಬಿಡು" ಅಂದರು.

ಕೊಡುತ್ತೇನೆ ಅಂತ ಮಾತು ಕೊಟ್ಟೆ. ಆವಾಗ ಸುಲಭವಾಗಿತ್ತು.

ಅದಾದ ಮೇಲೆ ನಾವು ಅಡಿಲೇಡಿಗೆ ಬಂದೆವು. ಯಜಮಾನರಿಗೆ ಅಲ್ಲಿಯ ಸ್ಯಾಲಿಸ್‌ಬರಿ ಬಡಾವಣೆಯ ಹತ್ತಿರ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್ ಕೆಲಸ. ಮನೆಯ ಹಿಂದಿನ ಶೆಡ್ಡು ನನ್ನದಾಯಿತು. ಬಟ್ಟಲು, ಹೂಜಿ, ಹಣತೆ, ಗೌರಿಹಬ್ಬ ಬಂತೆಂದರೆ ಇಲ್ಲಿಯ ಕನ್ನಡದವರಿಗೆಲ್ಲ ಗಣಪತಿ. ಉಜ್ಜಲು ಕೂತರೆ ನಡುವೆ ಏಳುವ ಹಾಗಿಲ್ಲ, ತಿಳಿಮಣ್ಣು ಆರಿಬಿಡುತ್ತದೆ. ಕಾಲಿಂಗ್ ಬೆಲ್ ಹೊಡೆದುಕೊಳ್ಳಲಿ, ಕುಕ್ಕರ್ ಕೂಗಿ ಕೂಗಿ ಸಾಯಲಿ, ನಾನು ಏಳುವವಳಲ್ಲ. ಬಾಗಿಲಲ್ಲಿ ನಿಂತು ಗೊಣಗಿದವರನ್ನೆಲ್ಲ ಬೈದು ಕಳಿಸಿದ್ದೇನೆ, ಅದರಲ್ಲಿ ನಮ್ಮ ನಾದಿನಿಯೂ ಒಬ್ಬಳು. ಬಲಗೈ ನಿಧಾನವಾಗಿ ಪಳಗಿತು, ಆದರೆ ಬಲಭುಜಕ್ಕೆ ನೋವು ಅಂಟಿಕೊಂಡಿತು. ಕಲ್ಲಿನ ಗುಳಿಯಲ್ಲಿ ನನ್ನ ಹೆಬ್ಬೆರಳು ಒಂದು ದಿನವೂ ನೆಟ್ಟಗೆ ಕೂರಲಿಲ್ಲ. ಇರಲಿ, ಕಲ್ಲು ನನ್ನ ಹತ್ತಿರ ಇದೆಯಲ್ಲ, ಅದೇ ನನಗೆ ಹೆಚ್ಚು.

ಸುಡುವುದೂ ದೊಡ್ಡಮ್ಮನ ಪದ್ಧತಿಯಲ್ಲೇ, ಬಯಲಿನಲ್ಲಿ ಕುರಿಯ ಒಣಹಿಕ್ಕೆಯ ಬೆಂಕಿ. ಬೇಸಿಗೆಯಲ್ಲಿ ಇಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಮನೆಯ ಹಿತ್ತಲಲ್ಲಂತೂ ಯಾವ ಕಾಲಕ್ಕೂ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಊರಾಚೆ ಉತ್ತರಕ್ಕೆ ಕುರಿ ಸಾಕುವ ಮುದುಕನೊಬ್ಬನ ಜಮೀನಿಗೆ ಹೋಗುತ್ತೇವೆ. ಹಿಕ್ಕೆ ಕೊಡುತ್ತೀಯಾ ಅಂತ ಮೊದಲ ಸಲ ಕೇಳಿದಾಗ ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ್ದ. ಕೊಟ್ಟಿಗೆಯಲ್ಲಿ ತುಳಿದು ತುಳಿದು ಗಟ್ಟಿಯಾದ ಹಿಕ್ಕೆಯನ್ನು ಹಲಗೆ ಹಲಗೆಯಾಗಿ ಎಬ್ಬಿಸಿ ಕಾರಿನ ಡಿಕ್ಕಿಗೆ ತುಂಬಿ ಜಮೀನಿನ ಆಚೆ ತುದಿಯ ಬಯಲಿಗೆ ಸಾಗಿಸುವುದು ಯಜಮಾನರ ಪಾಲಿನ ಕೆಲಸ. "ಹೊಸ ಕಾರು ಕಣೇ, ಆಫೀಸ್‌ನೋರು ಕೂತ್ಕೋತಾರೆ" ಅಂತ ಪ್ರತಿವರ್ಷ ಅನ್ನುತ್ತಾರೆ. ಪ್ರತಿವರ್ಷ ತುಂಬುತ್ತಾರೆ ಪಾಪ.

ದೊಡ್ಡಮ್ಮ ವಿಡಿಯೋ ಕಾಲ್‌ನಲ್ಲಿ ಸಿಗುತ್ತಿದ್ದರು. ಕಣ್ಣು ಮಂಜಾಗಿ ಚಿತ್ರ ಬರೆಯುವುದನ್ನು ಬಿಟ್ಟಿದ್ದರು, ಆದರೂ ಏನಾದರೊಂದು ಉಜ್ಜುತ್ತಲೇ ಇರುತ್ತಿದ್ದರು. ನಾನು ಮಡಕೆ ತೋರಿಸಿದರೆ ನನಗೆ ಕಾಣಲ್ಲ, ಬಡಿದು ಕೇಳಿಸು ಅನ್ನುತ್ತಿದ್ದರು. ತಂಗಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿ, ನಾವಿದ್ದ ಅದೇ ಬೆಂಟ್ಲಿಯಲ್ಲೇ ಮನೆ ಮಾಡಿದ್ದಳು. ಅವಳ ಫೋನ್ ಬಂದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು, ಕಲ್ಲು ಕೇಳಲು ಮಾಡಿದಳೋ ಏನೋ ಅಂತ. ಅವಳು ಹವೆ, ಆಫೀಸು, ಟೊಮ್ಯಾಟೊ ರೇಟು ಮಾತಾಡಿ ಇಟ್ಟರೆ ನನಗೆ ಹಾಯೆನ್ನಿಸುತ್ತಿತ್ತು. ಕೇಳದಿದ್ದರೆ ಸಾಕಪ್ಪ ಅಂತ ದೇವರಿಗೆ ಕೈಮುಗಿದದ್ದೂ ಇದೆ. ಕುಂಬಾರರ ಮಗಳಿಗೆ ಕೊನೆಗೂ ಸಿಕ್ಕ ಮಣ್ಣು ಅದು. ಆ ಕಲ್ಲು ಹೋದರೆ ಜೊತೆಗೆ ಮಣ್ಣೂ ಹೋಗುತ್ತದೆ ಅಂತ ನನಗೆ ಭಯ.

ಹೋದ ಚಳಿಗಾಲದ ಮೊದಲಲ್ಲಿ ತಂಗಿ ಫೋನ್ ಮಾಡಿ, ವಾರ ರಜೆ ಹಾಕಿ ಬರ್ತೀನಿ, ಮಡಕೆ ಸುಡುವಾಗ ನಾನೂ ಇರಬೇಕು ಅಂದಳು. ಹಿತ್ತಲಲ್ಲಿ ಬಟಾಣಿ ನೆಡಲು ಅಗೆಯುತ್ತಿದ್ದಳಂತೆ, ಮರಳಿನ ಕೆಳಗೆ ಮೆತ್ತನೆಯ ಮಣ್ಣು ಸಿಕ್ಕಿತಂತೆ, ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುವ ಮೊದಲೇ ಚಿಟಿಕೆ ತೆಗೆದು ನಾಲಿಗೆಗೆ ಹಾಕಿದ್ದಳಂತೆ. ಅದನ್ನು ಹೇಳಿ ನಕ್ಕಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಶೆಡ್ಡಿಗೆ ಹೋಗಿ ಕಲ್ಲು ಹಿಡಿದು ಸುಮ್ಮನೆ ಕೂತೆ. ಯಜಮಾನರು ಬಂದು, ಇನ್ನೊಂದು ಕಲ್ಲು ತಗೊಂಡ್ರಾಯ್ತು ಬಿಡೆ ಅಂದರು. ಅವತ್ತು ಅವರಿಗೆ ಬರೀ ಮೊಸರನ್ನ ಹಾಕಿದೆ.

ತಂಗಿ ಬಂದಳು. ಶೆಡ್ಡಿನಲ್ಲಿ ಕೂತು ಒಂದು ಬಟ್ಟಲು ಮಾಡಿದಳು, ಬಾಯಿ ಸೊಟ್ಟ, ಹೊಟ್ಟೆ ಒಂದು ಕಡೆ ಜಾಸ್ತಿ. ಉಜ್ಜುವಾಗ ಕಲ್ಲನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಲೂ ಇಲ್ಲ. ಹೆಬ್ಬೆರಳು ಹೋಗಿ ಆ ಗುಳಿಯಲ್ಲಿ ಕೂತುಕೊಂಡಿತು. ಇಷ್ಟು ವರ್ಷದಿಂದ ನಾನು ಒದ್ದಾಡಿದ ಜಾಗ! ಅವಳ ಅಜ್ಜಿ, ಮುತ್ತಜ್ಜಿ ಎಲ್ಲ ಆ ಬೆರಳಲ್ಲಿ ಬಂದು ಕೂತ ಹಾಗೆ ಕಂಡಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು.

ಸುಡುವ ದಿನ ಬೆಳಿಗ್ಗೆ ಮಡಕೆಗಳನ್ನು ಕೆಂಡದ ಪಕ್ಕ ಬೆಚ್ಚಗೆ ಮಾಡಿ, ಮೇಲೆ ಒಡೆದ ಮಡಕೆ ಚೂರು ಮುಚ್ಚಿ, ಸುತ್ತ ಹಿಕ್ಕೆಯ ಹಲಗೆಗಳನ್ನು ಗೂಡಿನ ಹಾಗೆ ಜೋಡಿಸಿ ಬೆಂಕಿ ಕೊಟ್ಟೆವು. ತಂಗಿ ಜೋಳದ ಹಿಟ್ಟು ಹಾಕಿದಳು, ನಾನು ಅರಿಶಿನ ಕುಂಕುಮ ಹಾಕಿದೆ. ಆಮೇಲೆ ಏನೂ ಮಾಡುವ ಹಾಗಿಲ್ಲ, ತಾನಾಗಿ ಉರಿದು ತಾನಾಗಿ ಆರಬೇಕು. ಯಜಮಾನರು ಮುದುಕನ ಜೊತೆ ಕುರಿ ನೋಡಲು ಹೋದರು. ನಾವಿಬ್ಬರೂ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತೆವು. ತಂಗಿ ತಿನ್ನುತ್ತ ತಿನ್ನುತ್ತ ನಿಲ್ಲಿಸಿದಳು.

"ಅಕ್ಕಾ, ಕಲ್ಲು ನಾನು ತಗೊಂಡ್ಹೋಗ್ಲಾ?"

ಅಕ್ಕ ಅನ್ನುವ ಒಂದೇ ಕನ್ನಡ ಮಾತು ಅವಳಿಗೆ ಬರುವುದು, ಉಳಿದದ್ದು ಇಂಗ್ಲಿಷೇ. ನನ್ನ ಬಾಯಿಗೆ ಬಂದ ನೆಪ ಒಂದೆರಡಲ್ಲ. ಈ ಸಲದ ಗಣಪತಿ ಮುಗಿಯಲಿ ಅನ್ನಬಹುದಿತ್ತು. ಆದರೆ ಅವಳ ಹೆಬ್ಬೆರಳು ಕಣ್ಣೆದುರಿಗೇ ಇತ್ತು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಕಲ್ಲನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ನಿಂದೇ ಕಣೇ, ತಗೋ ಅಂದೆ. ಅಷ್ಟು ಹೇಳುವುದರೊಳಗೆ ಕಣ್ಣಲ್ಲಿ ನೀರು ಬಂದು, ಹೊಗೆ ಹೊಗೆ ಅಂತ ಒರೆಸಿಕೊಂಡೆ. ಗಾಳಿ ಆ ಕಡೆ ಬೀಸುತ್ತಿತ್ತು, ಹೊಗೆ ನಮ್ಮ ಕಡೆ ಇರಲೇ ಇಲ್ಲ.

ತಂಗಿ ಬ್ಯಾಗಿಗೆ ಕೈಹಾಕಿ ಒಂದು ಬಟ್ಟೆಯ ಚೀಲ ತೆಗೆದಳು. ಹೋದ ವರ್ಷ ನಾನು ಊರಿಗೆ ಹೋಗಿದ್ದಾಗ ಅಮ್ಮ ಕೊಟ್ಟದ್ದು, ನಾನು ಕಲ್ಲು ಕೇಳುವ ತನಕ ಇದನ್ನು ನಿನಗೆ ಕೊಡುವ ಹಾಗಿರಲಿಲ್ಲ, ಬಾಯಿಬಿಡುವ ಹಾಗೂ ಇರಲಿಲ್ಲ ಅಂದಳು. ಒಳಗೆ ಒಂದು ಕಲ್ಲು. ಬೂದು ಬಣ್ಣ, ನಡುವೆ ಬಿಳಿ ಗೆರೆ. ಬ್ರಿಸ್ಬೇನಿನ ನದಿ ದಂಡೆಯದು, ನಾನೇ ಆರಿಸಿ ಕೊಟ್ಟದ್ದು. ಆಗ ಒರಟಾಗಿದ್ದದ್ದು ಈಗ ಕೈಯಿಂದ ಜಾರುವಷ್ಟು ನುಣುಪಾಗಿತ್ತು. ಒಂದು ಕಡೆ ಸಣ್ಣಗೆ ಸವೆದಿತ್ತು.

ರೂಢಿಯಂತೆ ಬಲಗೈಯಲ್ಲಿ ಹಿಡಿದೆ. ಕೂರಲಿಲ್ಲ. ಆ ಕೈ ಅಲ್ಲ ಅಕ್ಕಾ ಅಂದಳು ತಂಗಿ. ಎಡಗೈಗೆ ತೆಗೆದುಕೊಂಡೆ. ಹೆಬ್ಬೆರಳು ಹೋಗಿ ಆ ಸವೆದ ಜಾಗದಲ್ಲಿ ಕೂತಿತು. ಎಲ್ಲೂ ಜಾರಲಿಲ್ಲ, ಎಲ್ಲೂ ಒತ್ತಲಿಲ್ಲ.

"ಇಷ್ಟು ವರ್ಷ ಅಮ್ಮ ಸಣ್ಣ ಸಣ್ಣ ಬಟ್ಟಲು ಮಾಡಿ ಎಡಗೈಲಿ ಉಜ್ಜೋಳು. ಒಂದೂ ಚೆನ್ನಾಗಿ ಬರ್ತಿರಲಿಲ್ಲ, ತನ್ನ ಕೈಯನ್ನ ತಾನೇ ಬೈಕೊಳ್ಳೋಳು. ಬಲಗೈಗೆ ಏನೋ ಆಗಿದೆ, ಹೇಳ್ತಿಲ್ಲ ಅಂತ ನಾವು ಡಾಕ್ಟರ ಹತ್ರ ಕರ್ಕೊಂಡ್ಹೋದ್ವಿ. ಬಲಗೈ ಕಲ್ಲುಗುಂಡಿನ ಹಾಗಿದೆ ಅಂದ್ರು ಅವರು" ಅಂದಳು.

ಮಧ್ಯಾಹ್ನ ಬೂದಿ ಸರಿಸಿದೆವು. ತಂಗಿಯ ಸೊಟ್ಟ ಬಟ್ಟಲು ಒಡೆಯದೆ ಬಂದಿತ್ತು, ಒಂದು ಮಗ್ಗುಲಿಗೆ ರಸಪುರಿ ಬಣ್ಣ ಹತ್ತಿತ್ತು. ದೊಡ್ಡಮ್ಮನಿಗೆ ಕಾಲ್ ಮಾಡಿದೆವು. ನಾನು ಬಟ್ಟಲು ಬಡಿದು ಕೇಳಿಸಿದೆ. ಟಣ್ ಅಂತು. ಯಾರದು ಅಂದರು, ನಿಮ್ಮ ಮಗಳದು ಅಂದೆ. ಇನ್ನೊಂದು ಸಲ ಬಡಿ ಅಂದರು, ಬಡಿದೆ. ಆಮೇಲೆ ನಾನು ಎಡಗೈಯನ್ನು ಕಲ್ಲಿನ ಸಮೇತ ಫೋನಿನ ಹತ್ತಿರ ಹಿಡಿದು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು, ಕೈ ನೋಯಿಸಿಕೊಂಡು, ಅಂತ ಜಗಳಕ್ಕೆ ನಿಂತೆ.

"ನಿನ್ನಮ್ಮ ಎಡಗೈಗೆ ಬಿಡಲಿಲ್ಲ ಅಂದಿದ್ದೆಯಲ್ಲ" ಅಂದರು ಅವರು. "ಮತ್ತೆ ದೊಡ್ಡಮ್ಮ ಅಂತ ಇರೋದು ಯಾಕೆ?"

ತಂಗಿ ಭಾನುವಾರ ಪರ್ತ್‌ಗೆ ಹೊರಟಳು, ಕಲ್ಲನ್ನು ಬ್ಯಾಗಿಗೆ ಹಾಕದೆ ಮುಷ್ಟಿಯಲ್ಲೇ ಹಿಡಿದು. ಅವಳನ್ನು ಏರ್‌ಪೋರ್ಟಿಗೆ ಬಿಟ್ಟುಬಂದು, ಕಾಫಿ ಕುಡಿದು, ಶೆಡ್ಡಿಗೆ ಹೋಗಿ ಒಂದು ಹಣತೆಗೆ ತಿಳಿಮಣ್ಣು ಬಳಿದು ಎಡಗೈಯಲ್ಲಿ ಉಜ್ಜಲು ಕೂತೆ. ಕುಕ್ಕರ್ ಕೂಗಿತು, ಯಜಮಾನರೇ ಹೋಗಿ ಆರಿಸಿದರು.